ಸೇರಿನ ಲೆಕ್ಕ, ಚೀಲದ ಲೆಕ್ಕ

ನನ್ನ ಓದುವ ಮೇಜಿನ ಮೇಲೆ ದಪ್ಪ ಪುಸ್ತಕದಷ್ಟು ದೊಡ್ಡದಾದ ಒಂದು ಕಪ್ಪು ಡಬ್ಬಿ ಇದೆ. ಬೆನ್ನಿಗೆ ಎರಡು ತೂತು: ಒಂದು ಕರೆಂಟಿಗೆ, ಇನ್ನೊಂದು ಕಂಪ್ಯೂಟರಿನ ವೈರಿಗೆ. ನೆತ್ತಿಯ ಮೇಲೆ ಪೂಜೆಗೆಂದು ಎಳೆದ ವಿಭೂತಿಯ ಗೆರೆಗಳು ಅರ್ಧ ಅಳಿಸಿವೆ. ಎತ್ತಿ ಅಲುಗಾಡಿಸಿದರೆ ಒಳಗೆ ಸಣ್ಣದೇನೋ ಉರುಳುತ್ತದೆ. ಮನೆಗೆ ಬಂದವರು ಅಲುಗಾಡಿಸದೆ ಬಿಡುವುದಿಲ್ಲ. "ಇದರಾಗ ಏನೈತಿ?" ಎಂದು ಕೇಳುತ್ತಾರೆ. "ಏನಿಲ್ರಿ" ಎನ್ನುತ್ತೇನೆ. ಸ್ಕ್ರೂ ಬಿಚ್ಚಿದರೆ ಅದನ್ನು ಹೊರಗೆ ತೆಗೆಯಬಹುದು. ಸ್ಕ್ರೂಡ್ರೈವರ್ ಅದೇ ಮೇಜಿನ ಡ್ರಾಯರಿನಲ್ಲಿ, ತನ್ನ ಜಾಗದಲ್ಲೇ ಇದೆ. ಆದರೂ ನಾನು ತೆಗೆದಿಲ್ಲ.

ಇದನ್ನು ಕೇಳಿದರೆ ನನ್ನ ಅವ್ವ ನಂಬುವುದಿಲ್ಲ. ಯಾವ ವಸ್ತುವೂ ತನ್ನದಲ್ಲದ ಜಾಗದಲ್ಲಿರುವುದು ನನಗೆ ಆಗಿಬರದು ಎಂಬುದು ಸಿಂಧನೂರಿನ ನಮ್ಮ ಓಣಿಗೆಲ್ಲ ಗೊತ್ತು. ಮಾತಿನಲ್ಲೂ ಹಾಗೆಯೇ. "ಇಕಿ ಮಾತನ್ನ ಸೇರಿನ್ಯಾಗ ಅಳದು ಕೊಡ್ತಾಳ, ಅದೂ ಮ್ಯಾಲ ಕೈ ಸವರಿ" ಎನ್ನುತ್ತಾಳೆ ಅವ್ವ. ನಾನು ಕಲಿಸುವುದು ಎಲೆಕ್ಟ್ರಾನಿಕ್ಸ್, ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ. ಅಲ್ಲಿ ಈ ಗುಣಕ್ಕೆ ಸಂಬಳ ಕೊಡುತ್ತಾರೆ ಎಂಬುದೊಂದೇ ನನ್ನ ಸಮರ್ಥನೆ.

ದಿನಾ ಓಡಾಡುವ ಆ ದಾರಿಯ ನಡುವೆ ಮಸ್ಕಿ ಸಿಗುತ್ತದೆ. ಮಸ್ಕಿಯ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ನನ್ನ ಸೋದರಮಾವ ಶರಣಪ್ಪನ ಫೋಟೊ, ವಿಡಿಯೊ ಅಂಗಡಿ. ನಾನು ಅವನನ್ನು ಮಾಮಾ ಎನ್ನುತ್ತೇನೆ. ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಆ ಅಂಗಡಿಯಲ್ಲಿ. ಅಲ್ಲೊಂದು ಪರದೆ ಇತ್ತು: ನೀಲಿ ಕೆರೆ, ಎರಡು ಹಂಸ. ನಮ್ಮ ಸುತ್ತಿನವರು ಯಾರೂ ಹಂಸವನ್ನು ಕಂಡವರಲ್ಲ. ಆದರೆ ಹೊಸದಾಗಿ ಮದುವೆಯಾದವರೆಲ್ಲ ಆ ಹಂಸಗಳ ಮುಂದೆ ನಿಂತವರೇ. ಗಿರಾಕಿಗಳು ಬಂದು "ಯಾರ ಮಗಳವ್ವಾ ನೀ?" ಎಂದು ಕೇಳುವ ಮೊದಲೇ ನಾನು ಓಡಿಹೋಗಿ ಪರದೆಯ ಹಿಂದೆ ನಿಲ್ಲುತ್ತಿದ್ದೆ. ಸಾಲಗುಂದದ ಒಂದು ಜೋಡಿಯ ಫೋಟೊದಲ್ಲಿ ಹಂಸಗಳ ಕೆಳಗೆ ಎರಡು ಪುಟ್ಟ ಪಾದಗಳಿವೆ. ಅವು ನನ್ನವು. ಆ ಮನೆಯವರು ಇವತ್ತಿಗೂ ಅದನ್ನು ಗೋಡೆಗೆ ಹಾಕಿಕೊಂಡಿದ್ದಾರಂತೆ.

ಅಲ್ಲಿ ನನಗಿದ್ದ ಕೆಲಸ ವಿಡಿಯೊ ಕ್ಯಾಸೆಟ್ಟುಗಳ ಬೆನ್ನಿಗೆ ಚೀಟಿ ಅಂಟಿಸುವುದು. ಊರಿನ ಹೆಸರು, ಮದುವೆಯೋ ನಾಟಕವೋ ಎಂಬುದು, ಅಷ್ಟೆ. ಆಗ ಹಳ್ಳಿಯವರು ಟಿವಿ, ವಿಸಿಆರ್, ಕ್ಯಾಸೆಟ್ ಮೂರನ್ನೂ ಬಾಡಿಗೆಗೆ ಒಯ್ಯುತ್ತಿದ್ದರು. ಒಮ್ಮೆ ಸುಗ್ಗಿಯಲ್ಲಿ ಜವಳಗೇರಾಕ್ಕೆ ಹೋಗಿದ್ದ ವಿಸಿಆರ್, ಟ್ರ್ಯಾಕ್ಟರಿನಲ್ಲಿ ಭತ್ತದ ಚೀಲಗಳ ಮೇಲೆ ಕುಳಿತು ವಾಪಸು ಬಂತು. ಕ್ಯಾಸೆಟ್ ಹಾಕಿದರೆ ಕರಕರ ಸದ್ದು. ಮಾಮಾ ಅದನ್ನು ಬಿಚ್ಚಿ ಬೋರಲು ಹಾಕಿದ. ನೆಲದ ಮೇಲೆ ಭತ್ತ ಸುರಿಯಿತು.

"ಕಾಲುವಿ ನೀರು ಬಂತಂತ ಇವರ ಊರಾಗ ವಿಸಿಆರ್‌ನ್ಯಾಗೂ ನೆಲ್ಲು ಬೆಳೀತೈತಿ!" ಎಂದ ಮಾಮಾ. ಭತ್ತಕ್ಕೆ ನಮ್ಮ ಕಡೆ ನೆಲ್ಲು ಎನ್ನುತ್ತಾರೆ. ಅಂದೇ ಒಂದು ಕಾಯಿದೆ ಮಾಡಿದ: "ಕ್ಯಾಸೆಟ್ ಹೋಗ್ತೈತಿ, ಬರ್ತೈತಿ. ವಿಸಿಆರ್ ಮಾತ್ರ ಹೊಸ್ತಿಲ ದಾಟಂಗಿಲ್ಲ."

ಈ ಕಾಯಿದೆಯನ್ನು ನೀವು ಸ್ವಲ್ಪ ನೆನಪಿಟ್ಟುಕೊಂಡಿರಬೇಕು. ನಾನು ಮರೆತಿದ್ದೆ.

ಎರಡು ವರ್ಷದ ಹಿಂದೆ ಪಾಮನಕಲ್ಲೂರಿನವರು ತಮ್ಮೂರಿನ ಹಳೆಯ ನಾಟಕವೊಂದನ್ನು ಮತ್ತೆ ಆಡಲು ಹೊರಟರು. ನಮ್ಮ ಕಡೆಯ ಹಳ್ಳಿ ನಾಟಕಗಳಲ್ಲಿ ಗಂಡು ಪಾತ್ರಗಳೆಲ್ಲ ಊರಿನವರವು. ನಾಯಕಿಯನ್ನು ಮಾತ್ರ ಹೊರಗಿನಿಂದ, ನಾಟಕ ಮಾಡುವುದನ್ನೇ ಕಸುಬಾಗಿಸಿಕೊಂಡವರ ಪೈಕಿ ಕರೆಸುತ್ತಾರೆ. ಈ ಸಲ ಊರಿನಲ್ಲೇ ಬಟ್ಟೆ ಹೊಲಿಯುವ ರೇಣುಕಾ, "ಆ ಪಾತ್ರ ನಾ ಮಾಡ್ತೀನಿ" ಎಂದಳು. ಆಗದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಹಾರ್ಮೋನಿಯಂ ಮಾಸ್ತರರ ಮುಖ ನೋಡಿದರು. ಹುಸೇನಸಾಬ್ ಮಾಸ್ತರರು ಆ ಸೀಮೆಯ ನಾಟಕಗಳಿಗೆಲ್ಲ ಹಾಡಿನ ಮಟ್ಟು ಕೂರಿಸಿದವರು. ವಯಸ್ಸಾಗಿ ಅವರ ದನಿ ಹೋಗಿತ್ತು, ಬೆರಳು ಇದ್ದವು.

"ಹಾಡಿ ಕಲಿಸೋ ತಾಖತ್ತು ನನಗ ಈಗಿಲ್ಲವ್ವಾ" ಎಂದಿದ್ದರು ಅವರು. "ಹಳೇ ಮಟ್ಟು ಕ್ಯಾಸೆಟ್ಟಿನ್ಯಾಗ ಐತಿ. ಕೇಳಿ ಕಲಿ. ತಾಲೀಮು ಸುರು ಆಗೋ ದಿನ ನನ್ನ ಮುಂದ ಹಾಡು. ಮಟ್ಟು ತಪ್ಪದಂಗ ಹಾಡಿದ್ರ ಪಾತ್ರ ನಿಂದು. ತಪ್ಪಿದ್ರ ಹೊರಗಿನಾಕಿನ್ನ ಕರಸೋದ."

ಆ ನಾಟಕದ ಮೂರ್ನಾಲ್ಕು ಕ್ಯಾಸೆಟ್ ಇದ್ದದ್ದು ಮಾಮಾನ ಅಂಗಡಿಯಲ್ಲಿ. ಅವನೇ ವಿಡಿಯೊ ಮಾಡಿದ್ದು, ಚೀಟಿ ಅಂಟಿಸಿದ್ದು ಬಹುಶಃ ನಾನೇ. ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. "ಇದು ಒಮ್ಮಿ ಓಡಿದ್ರ ಪುಣ್ಯ" ಎಂದ ಮಾಮಾ. ಆ ಒಂದು ಓಟದಲ್ಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು.

ವಿಸಿಆರ್‌ನಿಂದ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಡು ಮಾಮಾನಲ್ಲಿತ್ತು. ಆದರೆ ಅದು ಅವನ ಹಳೆಯ ಕಂಪ್ಯೂಟರಿನಲ್ಲಿ, ಹಳೆಯ ವಿಂಡೋಸ್ ಎಕ್ಸ್‌ಪಿಯ ಜೊತೆ ಮಾತ್ರ ಕೆಲಸ ಮಾಡುತ್ತದೆ. ಹೊಸ ವಿಂಡೋಸ್ ಹಾಕಿದರೆ ಕಾರ್ಡು ಸತ್ತಂತೆ ಮಲಗುತ್ತದೆ. ಬೆಳತನಕ ನಡೆಯುವ ನಾಟಕ ಹಿಡಿಸುವಷ್ಟು ಜಾಗ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಮಾಮಾ ಧಾರಾಳಿ. ಅಂಗಡಿಯ ಕ್ಯಾಸೆಟ್ಟುಗಳನ್ನೆಲ್ಲ ಹಾಕಿದರೂ ತುಂಬದ, ನಾಲ್ಕು ಟಿಬಿಯ ಹಾರ್ಡ್ ಡಿಸ್ಕ್ ತಂದು, ಹಳೆಯ ಡಬ್ಬಿಯೊಂದರಲ್ಲಿ ಕೂರಿಸಿ ಕಂಪ್ಯೂಟರಿಗೆ ಹಚ್ಚಿದ. ಕಂಪ್ಯೂಟರ್ ಅದನ್ನು ಕಾಣಲೇ ಇಲ್ಲ.

ನಾನು ಲಿಂಗಸುಗೂರಿನಿಂದ ಬರುತ್ತಾ ಮಸ್ಕಿಯಲ್ಲಿ ಇಳಿದು ನೋಡುವ ಹೊತ್ತಿಗೆ ಡಿಸ್ಕಿನ ಮುಂದೆ ಊದಿನಕಡ್ಡಿ ಉರಿಯುತ್ತಿತ್ತು.

"ಹಳೇದು ಹೊಸದನ್ನ ಗುರ್ತಾ ಹಿಡಿವಲ್ದಬೇ" ಎಂದ ಮಾಮಾ. "ಆರಿಸಿ ಹಚ್ಚಿದೆ, ಹಚ್ಚಿ ಆರಿಸಿದೆ. ಭಾಳ ದೊಡ್ಡದಾತೇನು? ಎರಡು ತುಕಡಾ ಮಾಡಿದ್ರ?"

"ಅದು ಕಬ್ಬಲ್ಲ ಮಾಮಾ."

ಮೂಲೆಯ ಸ್ಟೂಲಿನ ಮೇಲೆ ರೇಣುಕಾ ಕುಳಿತಿದ್ದಳು. ನಾನು ಅವಳನ್ನು ಮೊದಲು ನೋಡಿದ್ದು ಅಂದೇ. ಮಡಿಲಲ್ಲಿ ಯಾರದೋ ಸೀರೆ, ಅದಕ್ಕೆ ಫಾಲ್ ಹಚ್ಚುತ್ತಿದ್ದಳು. "ಆಗ್ತದೇನ್ರಿ ಅಕ್ಕಾ?" ಎಂದು ಕೇಳಿದಳು.

"ಆಗ್ತದ" ಎಂದೆ. ನಾನು ಮಾತು ಅಳೆದು ಕೊಡುವವಳು, ಹೌದು. ಆದರೆ ಗೊತ್ತಿರುವುದನ್ನು ಗೊತ್ತಿದೆ ಎನ್ನಲು ಸಂಕೋಚಪಡುವವಳಲ್ಲ.

ನೀವು ಕೇಳಬಹುದು, ಹಾರ್ಡ್ ಡಿಸ್ಕ್ ದೊಡ್ಡದಾದರೆ ಕಾಣದೇ ಹೋಗುವುದು ಹೇಗೆ ಎಂದು. ನನಗೆ ಇದನ್ನು ತಿಳಿಸಿಕೊಟ್ಟದ್ದು ವಿಶ್ವವಿದ್ಯಾಲಯವೇ ಆದರೂ, ಅರ್ಥವಾದದ್ದು ನಮ್ಮ ಅಜ್ಜಿಯಿಂದ. ಅಜ್ಜಿ ಕಣದಲ್ಲಿ ಜೋಳ ಅಳೆಯುತ್ತಿದ್ದಳು. ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದಳು. ಆಮೇಲೆ ಎರಡು, ಮೂರು. ನೂರರವರೆಗೆ ಅವಳಿಗೆ ಲೆಕ್ಕ ಬರುತ್ತಿತ್ತು. ಅದರಾಚೆ ಬರುತ್ತಿರಲಿಲ್ಲ, ಬರುತ್ತದೆ ಎಂದು ತೋರಿಸಿಕೊಳ್ಳುತ್ತಲೂ ಇರಲಿಲ್ಲ. ಬೆಳೆ ಚೆನ್ನಾಗಿ ಬಂದ ವರ್ಷ ನೂರು ಮುಗಿದರೂ ರಾಶಿ ಮುಗಿಯಲಿಲ್ಲ. ಅಜ್ಜಿ ಸೇರನ್ನು ಕೆಳಗಿಟ್ಟು, "ಮುಗೀತು" ಎಂದು ಎದ್ದುಬಿಟ್ಟಳು. "ಅಲ್ಲಬೇ, ಇನ್ನೂ ಬಿದ್ದೈತಲ್ಲ!" ಎಂದ ಅಜ್ಜ. "ನನ್ನ ಲೆಕ್ಕದಾಗ ಇಲ್ಲ" ಎಂದಳು. ಅಜ್ಜ ಸ್ವಲ್ಪ ಯೋಚಿಸಿ, ಜೋಳವನ್ನು ಚೀಲಗಳಿಗೆ ತುಂಬಿಸಿ, "ಈಗ ಚೀಲ ಎಣಸು" ಎಂದ. ಅಜ್ಜಿ ಲಾಭ, ಎರಡು, ಮೂರು ಎಂದು ಸಲೀಸಾಗಿ ಎಣಿಸಿ ಮುಗಿಸಿದಳು. ರಾಶಿ ಅಷ್ಟೇ, ಅಜ್ಜಿಯೂ ಅವಳೇ. ಅಳತೆ ಮಾತ್ರ ದೊಡ್ಡದಾಗಿತ್ತು.

ಎಕ್ಸ್‌ಪಿ ನಮ್ಮ ಅಜ್ಜಿಯ ಹಾಗೆ. ಡಿಸ್ಕನ್ನು ಅದು ಸಣ್ಣ ಸಣ್ಣ ಖಾನೆಗಳ ಲೆಕ್ಕದಲ್ಲಿ ಎಣಿಸುತ್ತದೆ, ಮತ್ತು ಒಂದು ಸಂಖ್ಯೆಯ ಆಚೆ ಅದಕ್ಕೆ ಲೆಕ್ಕ ಬರುವುದಿಲ್ಲ. ಎರಡು ಟಿಬಿಯವರೆಗೆ ಸೈ; ಆಮೇಲೆ ಸೇರನ್ನು ಕೆಳಗಿಟ್ಟು ಎದ್ದುಬಿಡುತ್ತದೆ. ಹೊಸ ಬಗೆಯಲ್ಲಿ ಲೆಕ್ಕ ಬರೆದ ಡಿಸ್ಕನ್ನಂತೂ ಬಾಗಿಲಿಗೆ ಬಂದ ಅಪರಿಚಿತರಂತೆ ಹೊರಗೇ ನಿಲ್ಲಿಸುತ್ತದೆ. ಇದಕ್ಕೆ ಉಪಾಯವೆಂದರೆ ಬೇರೆ ಜಾತಿಯ ಒಂದು ಡಬ್ಬಿ. ಅದು ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಕುಳಿತು, ಎಂಟೆಂಟು ಖಾನೆಗಳನ್ನು ಕೂಡಿಸಿ ಒಂದೊಂದು ಚೀಲ ಮಾಡಿ ಕಂಪ್ಯೂಟರಿಗೆ ತೋರಿಸುತ್ತದೆ. ಎಲ್ಲ ಡಬ್ಬಿಗಳೂ ಹೀಗೆ ಮಾಡುವುದಿಲ್ಲ. ಮಾಡುವಂಥ ಒಂದು ಕಪ್ಪು ಡಬ್ಬಿಯನ್ನು ಹುಡುಕಿ ತರಿಸಿ, ಡಿಸ್ಕನ್ನು ಅದರಲ್ಲಿಟ್ಟು, ಹಳೆಯ ಬಗೆಯಲ್ಲೇ ಹೊಸದಾಗಿ ಲೆಕ್ಕ ಬರೆಸಿ, ಎಕ್ಸ್‌ಪಿಗೆ ಹಚ್ಚಿದೆ. ಇಡೀ ಡಿಸ್ಕ್ ಒಂದೇ ತುಂಡಾಗಿ ಪರದೆಯ ಮೇಲೆ ಬಂದು ನಿಂತಿತು.

"ಲಾಭ!" ಎಂದೆ ನಾನು, ಸ್ವಲ್ಪ ಗಟ್ಟಿಯಾಗಿಯೇ. ಮಾಮಾ ಬೆರಗಿನಿಂದ ನೋಡಿದ್ದು ಡಿಸ್ಕನ್ನಲ್ಲ, ನನ್ನನ್ನು.

ನಾಟಕ ಇಳಿಸಲು ಶನಿವಾರ, ಭಾನುವಾರ ಎರಡೂ ಹೋದವು. ಟೇಪಿಗೆ ಅವಸರವಿಲ್ಲ; ನಾಟಕ ನಡೆದಷ್ಟೇ ಹೊತ್ತು ಅದೂ ನಡೆಯಬೇಕು. ನಾನು ಪರದೆಯ ಮೂಲೆಯಲ್ಲಿ ಬದಲಾಗುವ ಅಂಕಿಗಳನ್ನು ನೋಡುತ್ತಿದ್ದೆ, ನಡುವೆ ಏನೂ ಉದುರಿಹೋಗಬಾರದು ಎಂದು. ನಾಟಕವನ್ನು ನಾನು ನೋಡಲಿಲ್ಲ ಎಂದೇ ಹೇಳಬೇಕು. ರೇಣುಕಾಳೂ ನೋಡಲಿಲ್ಲ, ಅವಳ ಕಣ್ಣು ಸೂಜಿಯ ಮೇಲಿತ್ತು, ಕಿವಿ ಮಾತ್ರ ನಾಟಕದಲ್ಲಿತ್ತು. ನಾಯಕಿಯ ಹಾಡು ಬಂದಾಗ ಸೂಜಿ ನಿಲ್ಲುತ್ತಿತ್ತು. ಹಾಡು ಮುಗಿದ ಮೇಲೆ ಬಾಯೊಳಗೇ ಒಮ್ಮೆ ಹೇಳಿಕೊಂಡು ಮತ್ತೆ ಹೊಲಿಯುತ್ತಿದ್ದಳು. ಹಾಡುಗಳನ್ನು ಫೋನಿನಲ್ಲೂ ಹಿಡಿದುಕೊಂಡಳು. ಆ ಎರಡು ದಿನ ನಾವಿಬ್ಬರೂ ಆಡಿದ ಮಾತು ಕಡಿಮೆ. ನನಗೆ ಅದು ಬಹಳ ಇಷ್ಟವಾಯಿತು.

ಕೊನೆಯ ಟೇಪಿನ ಕೊನೆಗೆ ಬೂಷ್ಟು ಗೆದ್ದಿತು; ವಿಸಿಆರ್ ಟೇಪನ್ನು ಜಗಿದು ಉಗುಳಿತು. ಅಷ್ಟರಲ್ಲಿ ಮಂಗಳ ಹಾಡಾಗಿತ್ತು. ಇನ್ನು ಆ ನಾಟಕ ಇರುವುದು ಡಿಸ್ಕಿನಲ್ಲಿ ಮಾತ್ರ. ಮುಂದಿನ ಭಾನುವಾರ ಬಂದು ಇನ್ನೊಂದು ಪ್ರತಿ ಮಾಡುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡ ಎಂದು ಮಾಮಾನಿಗೆ ಹೇಳಿ ಬಂದೆ. ಯಾಕೆ ಎಂದು ಹೇಳಲಿಲ್ಲ. ಕೈ ಸವರಿ ಅಳೆದ ಮಾತಿನ ತೊಂದರೆ ಇದು.

ತಾಲೀಮಿನ ದಿನ ಕಾಲೇಜಿನಲ್ಲಿದ್ದಾಗ ಫೋನ್ ಬಂತು. ರೇಣುಕಾ.

"ಅಕ್ಕಾ, ಡಿಸ್ಕಿನ್ಯಾಗ ಏನೂ ಇಲ್ಲಂತ್ರಿ. ಫಾರ್ಮ್ಯಾಟ್ ಮಾಡ್ಲೇನಂತ ಕೇಳಾಕತ್ತೈತಿ."

"ಡಿಸ್ಕ್ ಅಲ್ಲಿಗೆ ಹೆಂಗ ಬಂತು?"

"ಶರಣಪ್ಪಣ್ಣ ಕೊಟ್ಟು ಕಳಸ್ಯಾರ್ರಿ. ನಮ್ಮ ಮೈದುನ ಇಲ್ಲೇ ಯಾರದೋ ಡಬ್ಬಿ ತಂದು ಲ್ಯಾಪ್‌ಟಾಪಿಗೆ ಹಚ್ಚ್ಯಾನ."

"ಯಾರೂ ಹೂಂ ಅನ್ನಬ್ಯಾಡ್ರಿ. ಏನೂ ಒತ್ತಬ್ಯಾಡ್ರಿ."

"ಬಟ್ಟು ಅದರ ಮ್ಯಾಲೇ ಇಟ್ಕೊಂಡು ಕುಂತಾನ್ರಿ."

"ತಗಿ ಅನ್ನು. ವೈರ್ ಕಿತ್ತಿಡು. ನಾ ಬರಾಕತ್ತೀನಿ."

ಅವಳ ದನಿ ಇಳಿಯಿತು. ಮಾಸ್ತರರ ಮುಂದೆ ಹಾಡಿದ್ದಳಂತೆ. ಐದು ಹಾಡಿಗೆ ಅವರು ತಲೆದೂಗಿದ್ದರಂತೆ. ಕೊನೆಯದರಲ್ಲಿ, ಸಾಲಿನ ನಡುವೆ ಅವಳು ನಿಂತು, ಅರ್ಧ ಸಾಲು ಹಿಂದೆ ಹೋಗಿ ಮತ್ತೆ ಎತ್ತಿಕೊಂಡಳಂತೆ. ಮಾಸ್ತರರು ಹಾರ್ಮೋನಿಯಂ ಮುಚ್ಚಿಬಿಟ್ಟರು: ನನ್ನ ಮಟ್ಟಿನಲ್ಲಿ ಅಂಥ ಜಾಗವೇ ಇಲ್ಲ. "ಕ್ಯಾಸೆಟ್ಟಿನ್ಯಾಗ ಹಂಗ ಐತ್ರಿ" ಎಂದಿದ್ದಾಳೆ. ಫೋನಿನಲ್ಲಿ ಕೇಳಿಸಿದ್ದಾಳೆ. ಅದರಲ್ಲೂ ಹಾಗೇ ಇದೆ. "ಅದು ನೀವು ಇಳಸೋವಾಗ ಕೆಡಿಸಿದ್ದು. ನನ್ನ ಕಣ್ಣಿಲೆ ನೋಡಬೇಕು" ಎಂದರಂತೆ. ನೋಡಲು ಹೋದರೆ ಡಿಸ್ಕ್ ಖಾಲಿ.

"ಹೊರಗಿನಾಕಿಗೆ ಫೋನ್ ಹಚ್ಚಾಕ ನಂಬರ್ ಹುಡುಕಾಕತ್ತಾರ್ರಿ" ಎಂದಳು.

"ಒಂದ್ ತಾಸು ನಿಲ್ಲಿಸು" ಎಂದೆ.

ಮಸ್ಕಿಯಲ್ಲಿ ಬಸ್ಸಿಳಿದು ನೋಡಿದರೆ, ನನ್ನ ಕಪ್ಪು ಡಬ್ಬಿ ಕಂಪ್ಯೂಟರಿನ ಪಕ್ಕದಲ್ಲಿ ವಿಭೂತಿ ಹಚ್ಚಿಕೊಂಡು ಕುಳಿತಿತ್ತು. ಬಾಯಿ ತೆರೆದಿತ್ತು, ಹೊಟ್ಟೆ ಖಾಲಿ.

"ಮಾಮಾ, ಡಬ್ಬಿ ಯಾಕ ಕೊಡಲಿಲ್ಲ?"

"ಡಬ್ಬಿ ಯಾಕ ಕೊಡ್ಲಿ? ಕ್ಯಾಸೆಟ್ ಕೊಡ್ತಾರ. ಯಾರಾರ ವಿಸಿಆರ್ ಕೊಡ್ತಾರೇನಬೇ?"

ನನಗೆ ಸಿಟ್ಟು ಬರಬೇಕಿತ್ತು. ಆದರೆ ಕಣ್ಣ ಮುಂದೆ ನೆಲದ ಮೇಲೆ ಸುರಿದ ಭತ್ತ ಬಂತು. ಅವನ ಲೆಕ್ಕದಲ್ಲಿ ಅವನು ಸರಿ. ಒಳಗೆ ಹೋಗುವುದು ಕ್ಯಾಸೆಟ್; ಹೊರಗಿರುವುದು ಅಂಗಡಿಯದು.

"ಚೀಲದ ಲೆಕ್ಕದಾಗ ಬರದಿಟ್ಟದ್ದನ್ನ ಸೇರಿನ ಲೆಕ್ಕದಾಗ ಹುಡುಕಾಕತ್ತಾರ ಮಾಮಾ. ಮೂರನೇ ಚೀಲದಾಗ ಇಟ್ಟದ್ದು ಮೂರನೇ ಸೇರಿನ್ಯಾಗ ಸಿಗ್ತೈತೇನು? ಈ ಡಬ್ಬಿ ಇಲ್ಲದ ಆ ಡಿಸ್ಕ್ ಓದಾಕ ಬರಂಗಿಲ್ಲ."

ಮಾಮಾ ಶಟರ್ ಎಳೆದು, ಬೈಕ್ ಹೊರಗೆ ತೆಗೆದ. ನಾನು ಹಿಂದೆ, ಖಾಲಿ ಡಬ್ಬಿಯನ್ನು ಕೂಸಿನಂತೆ ಎತ್ತಿಕೊಂಡು. ತೊಗರಿ, ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಪ್ರತಿ ತಗ್ಗಿಗೂ ಒಮ್ಮೆ ಕೇಳಿದ.

"ಎಲ್ಲಾ ಹೋತೇನಬೇ?"

"ಹೋಗಿಲ್ಲ."

"ಖರೇ ಹೇಳು."

"ಖರೇ. ಹೂಂ ಒತ್ತಿರಲಿಲ್ಲ ಅಂದ್ರ ಹೋಗಿಲ್ಲ. ಮುಂದ ನೋಡಿ ಓಡಿಸು."

ಪಾಮನಕಲ್ಲೂರಿನ ಕಟ್ಟೆಯ ಮೇಲೆ ಇಪ್ಪತ್ತು ಮೂವತ್ತು ಜನ ಕುಳಿತಿದ್ದರು. ಮಾಸ್ತರರು ಮುಚ್ಚಿದ ಹಾರ್ಮೋನಿಯಂ ಮೇಲೆ ಮೊಣಕೈ ಊರಿದ್ದರು. ರೇಣುಕಾ ಕಂಬಕ್ಕೆ ಒರಗಿ ನಿಂತಿದ್ದಳು. ಕೈಯಲ್ಲಿ ಹೊಲಿಗೆ ಇರಲಿಲ್ಲ. ಅದನ್ನು ನೋಡಿ ನನಗೆ ಸಂಕಟವಾಯಿತು. ಅಷ್ಟು ಜನರ ನಡುವೆ ಹಾದುಹೋಗುವಾಗ ಹಂಸದ ಪರದೆ ಎಲ್ಲಾದರೂ ಇದ್ದೀತೇ ಎಂದು ನನ್ನ ಕಾಲು ಹುಡುಕಿದ್ದು ಸುಳ್ಳಲ್ಲ.

"ಬಂದ್ಳು ನೋಡ್ರಿ ಡಾಕ್ಟರಮ್ಮ" ಎಂದರು ಒಬ್ಬರು. "ಖಾಲಿ ಡಬ್ಬಿ ತಂದಾಳ!" ಎಂದರು ಇನ್ನೊಬ್ಬರು.

ಡಿಸ್ಕನ್ನು ಆ ಬೇರೆ ಡಬ್ಬಿಯಿಂದ ತೆಗೆದು ನನ್ನ ಡಬ್ಬಿಯಲ್ಲಿ ಕೂರಿಸಿ, ಲ್ಯಾಪ್‌ಟಾಪಿಗೆ ಹಚ್ಚಿದೆ. ಡಿಸ್ಕ್ ಗುಂಯ್ ಎಂದು ತಿರುಗತೊಡಗಿತು. ಪರದೆಯ ಮೇಲೆ ಹೆಸರುಗಳು ಸಾಲಾಗಿ ಬಂದು ನಿಂತವು. ನನ್ನ ಬೆನ್ನ ಹಿಂದೆ ಮಾಮಾ ಬಿಟ್ಟ ಉಸಿರು ನನ್ನ ಕುತ್ತಿಗೆಗೆ ತಾಗಿತು.

ಕೊನೆಯ ಹಾಡಿಗೆ ಹೋದೆ. ಜಗಮಗ ದೀಪಗಳ ಕೆಳಗೆ, ಹಸಿರು ಸೀರೆಯ ನಾಯಕಿ ಹಾಡುತ್ತಿದ್ದಳು. ಆ ಸಾಲು ಬಂತು. ಒಮ್ಮೆಲೇ ಪರದೆ ಕಪ್ಪಾಗಿ, ಚಿತ್ರ ಒಂದು ಸಲ ಜಿಗಿಯಿತು. ಮತ್ತೆ ಬಂದಾಗ ದೀಪಗಳಿರಲಿಲ್ಲ. ಗ್ಯಾಸಬತ್ತಿಯ ಬೆಳಕಿನಲ್ಲಿ ಹಸಿರು ಸೀರೆ ಕಂದಾಗಿತ್ತು. ನಾಯಕಿ ಸೆರಗಿನಿಂದ ಬೆವರು ಒರೆಸಿಕೊಂಡು, ಅರ್ಧ ಸಾಲು ಹಿಂದಿನಿಂದ ಎತ್ತಿಕೊಂಡಳು. ರಂಗದ ಅಂಚಿನಲ್ಲಿ ಹಾರ್ಮೋನಿಯಂ ಮುಂದೆ ಕುಳಿತ ಕಟ್ಟುಮಸ್ತಾದ ಗಂಡಸೊಬ್ಬ, ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕೀಗಳ ಮೇಲೆ ಬೆಳಕು ಬಿಟ್ಟುಕೊಂಡು ಬಾರಿಸುತ್ತಿದ್ದ.

ಕಟ್ಟೆಯ ಮೇಲೆ ನಗು ಸಿಡಿಯಿತು.

"ಮಾಸ್ತರ, ನೀವ ಅಲ್ಲೇನ್ರಿ ಅದು?"

"ಕರೆಂಟ್ ಹೋಗಿತ್ತು" ಎಂದ ಮಾಮಾ, ತನಗೂ ಈಗಷ್ಟೇ ನೆನಪಾದಂತೆ. "ಟೇಪ್ ಸುಮ್ನ ಖರ್ಚಾಗ್ತೈತಂತ ನಾ ಕ್ಯಾಮೆರಾ ನಿಲ್ಲಿಸಿದ್ದೆ. ಬತ್ತಿ ಹಚ್ಚಿದ ಮ್ಯಾಲ ಮತ್ತ ಚಾಲೂ ಮಾಡಿದೆ."

ಮಾಸ್ತರರು ನಗಲಿಲ್ಲ. ಪರದೆಯ ಹತ್ತಿರ ಬಂದು, ಕನ್ನಡಕ ಎತ್ತಿ, ಆ ಗಂಡಸನ್ನು ಬಹಳ ಹೊತ್ತು ನೋಡಿದರು. "ಆಗ ಹಲ್ಲು ಇದ್ದುವು" ಎಂದರು. ಆಮೇಲೆ ರೇಣುಕಾಳ ಕಡೆ ತಿರುಗಿದರು. "ಮಟ್ಟು ನೀ ಕೆಡಿಸಿಲ್ಲವ್ವಾ. ಕರೆಂಟ್ ಕೆಡಿಸೈತಿ. ಕರೆಂಟ್ ಹೋದದ್ದನ್ನೂ ಬಿಡದಂಗ ಕಲ್ತೀಯಲ್ಲ, ನಿನಗ ಇನ್ನ ನಾ ಏನು ಪರೀಕ್ಷಾ ಮಾಡ್ಲಿ?"

"ಹಂಗಾದ್ರ ಅದನ್ನ ಬಿಟ್ಟು ಸರಳ ಹಾಡ್ಲೇನ್ರಿ?" ಎಂದಳು ರೇಣುಕಾ.

"ಬ್ಯಾಡ. ನಿಂತ ಹಾಡು."

ಹಾರ್ಮೋನಿಯಂ ತೆರೆಯಿತು. ಅವಳು ಹಾಡಿದಳು. ಆ ಸಾಲಿನ ನಡುವೆ ನಿಂತಳು. ಮಾಸ್ತರರ ಬೆರಳೂ ನಿಂತವು, ಕಟ್ಟೆಯ ಮೇಲಿನ ಮುದುಕರೂ ಉಸಿರು ಹಿಡಿದರು. ಹಿಂದಿನಿಂದ ಯಾರೋ, "ಬತ್ತಿ ಬಂತು, ಹಾಡವ್ವಾ!" ಎಂದರು. ಅವಳು ಸೆರಗಿನಿಂದ ಹಣೆ ಒರೆಸಿಕೊಂಡು ಅರ್ಧ ಸಾಲು ಹಿಂದಿನಿಂದ ಎತ್ತಿಕೊಂಡಳು. ನಂಬರ್ ಹುಡುಕುತ್ತಿದ್ದವನು ಫೋನನ್ನು ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಹೊರಡುವಾಗ ನಾನು ಡಿಸ್ಕನ್ನು ಡಬ್ಬಿಯಿಂದ ತೆಗೆಯಲು ಹೋದೆ. ಮಾಮಾ ನನ್ನ ಕೈ ಹಿಡಿದ. ಡಬ್ಬಿಯ ಮುಚ್ಚಳ ಒತ್ತಿ, ಅದನ್ನು ಎರಡೂ ಕೈಯಿಂದ ರೇಣುಕಾಳಿಗೆ ಕೊಟ್ಟ. "ಎರಡೂ ಕೂಡೇ ಇರ್ಲಿ. ನಾಟಕ ಮುಗಿಯೋತನಕ ನಿಮ್ಮ ಊರಾಗ ಇಟ್ಕೊಳ್ರಿ." ನನ್ನ ತಿಳಿವಳಿಕೆಯಲ್ಲಿ ಅವನ ವಿಸಿಆರ್ ಹೊಸ್ತಿಲು ದಾಟಿದ್ದು ಆ ಕಾಯಿದೆ ಬಂದ ಮೇಲೆ ಅದೇ ಮೊದಲು. ಎರಡು ಹೆಜ್ಜೆ ಹೋಗಿ, ತಡೆಯಲಾರದೆ ತಿರುಗಿ ನಿಂತ.

"ಮತ್ತ ಅದರಾಗ ನೆಲ್ಲು ಗಿಲ್ಲು ಹಾಕಬ್ಯಾಡ್ರೆಪಾ."

"ನಮ್ಮೂರಿಗೆ ಕಾಲುವಿ ಎಲ್ಲೈತಿ ಶರಣಪ್ಪಣ್ಣ, ನೆಲ್ಲು ಎಲ್ಲಿಂದ ತರೋಣು?" ಎಂದಳು ರೇಣುಕಾ. ಆ ದಿನ ಅವಳು ನಕ್ಕಿದ್ದು ಅದೇ ಮೊದಲು.

ಭಾನುವಾರ ನಾನೇ ಪಾಮನಕಲ್ಲೂರಿಗೆ ಹೋಗಿ ಇನ್ನೊಂದು ಪ್ರತಿ ಮಾಡಿಕೊಂಡು ಬಂದೆ. ನಾಟಕ ಮುಗಿದ ಮೇಲೆ ಡಬ್ಬಿ ವಾಪಸು ಬಂತು, ರೇಣುಕಾ ಹೊಲಿದ ಹೊಸ ಬಟ್ಟೆಯ ಚೀಲದಲ್ಲಿ. ಅಷ್ಟರಲ್ಲಿ ಅಂಗಡಿಗೆ ಅದೇ ಜಾತಿಯ ಇನ್ನೊಂದು ಡಬ್ಬಿ ತರಿಸಿದ್ದೆ. ಡಿಸ್ಕನ್ನು ಅದಕ್ಕೆ ವರ್ಗಾಯಿಸಿ, ಇದನ್ನು ಮನೆಗೆ ತಂದೆ. ಮೇಜಿನ ಮೇಲಿಡುವ ಮೊದಲು ಅಭ್ಯಾಸಬಲದಿಂದ ಒಮ್ಮೆ ಅಲುಗಾಡಿಸಿದೆ. ಒಳಗೆ ಏನೋ ಉರುಳಿತು. ಗಾಳಿಯಾಡುವ ಸಂದಿಗೆ ಟಾರ್ಚ್ ಬಿಟ್ಟು ನೋಡಿದೆ.

ಒಂದೇ ಒಂದು ಕಾಳು ಜೋಳ.